ಚಿಕಿತ್ಸಕರ ನೋಂದಣಿ: ಕಾಲುವೆ ಬಂದಿದೆ, ನೀರು ಬರಬೇಕಾಗಿದೆ

ಸಂಸತ್ತು 2021ರ ಮಾರ್ಚ್ ತಿಂಗಳಲ್ಲಿ ಅಂಗೀಕರಿಸಿದ ಒಂದು ಕಾಯ್ದೆಯ ಬಗೆಗೆ ನಮ್ಮ ಕುಟುಂಬಗಳಲ್ಲಿ ನಡೆಯಬೇಕಾದಷ್ಟು ಚರ್ಚೆ ಇನ್ನೂ ನಡೆದಿಲ್ಲ. ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ ಎಂಬುದು ಅದರ ಹೆಸರು. ಕೊರೋನಾ ಹಾವಳಿಯ ನಡುವೆ ಬಂದುದರಿಂದ ಅದು ಹೆಚ್ಚು ಸದ್ದು ಮಾಡಲಿಲ್ಲ. ಆದರೆ ಲಕ್ವಾ ಹೊಡೆದ ತಂದೆಯನ್ನೋ, ಕುತ್ತಿಗೆ ನಿಲ್ಲದ ಕೂಸನ್ನೋ ಮನೆಯಲ್ಲಿಟ್ಟುಕೊಂಡು ಸಂಕಟಪಡುವ ಯಾವ ಕುಟುಂಬಕ್ಕೂ ಈ ಕಾಯ್ದೆ ದೂರದ ಸಂಗತಿಯಲ್ಲ. ತನ್ನವರ ಮೈಮುಟ್ಟಿ ಚಿಕಿತ್ಸೆ ನೀಡುವ ವ್ಯಕ್ತಿ ನಿಜವಾಗಿ ಕಲಿತು ಬಂದವನೇ ಎಂದು ಕೇಳುವ ಹಕ್ಕನ್ನು ಅದು ಆ ಕುಟುಂಬದ ಕೈಗೆ ಕೊಡುತ್ತದೆ. ಆ ಹಕ್ಕು ನರಗುಂದದಂಥ ಊರಿನಲ್ಲಿ ಎಷ್ಟರಮಟ್ಟಿಗೆ ಬಳಕೆಗೆ ಬಂದೀತು ಎಂಬುದನ್ನು ಈ ವಾರ ಪರಿಶೀಲಿಸೋಣ.

ಈ ಕಾಯ್ದೆಯ ಪರಿಧಿಯಲ್ಲಿ ಹತ್ತು ವರ್ಗಗಳೂ ಅವುಗಳೊಳಗೆ ಐವತ್ತಕ್ಕೂ ಹೆಚ್ಚು ವೃತ್ತಿಗಳೂ ಇವೆ. ರಕ್ತ ಪರೀಕ್ಷೆ ಮಾಡುವವರು, ಎಕ್ಸ್‌ರೇ ತೆಗೆಯುವವರು, ಫಿಸಿಯೋಥೆರಪಿಸ್ಟರು, ಕಣ್ಣಿನ ಪರೀಕ್ಷಕರು ಮೊದಲಾದವರೆಲ್ಲ ಅದರಲ್ಲಿ ಸೇರಿದ್ದಾರೆ. ಅವರಲ್ಲಿ ನಮ್ಮ ಜನರಿಗೆ ಅತ್ಯಂತ ಕಡಿಮೆ ಪರಿಚಿತರಾದವರು ಆಕ್ಯುಪೇಷನಲ್ ಥೆರಪಿಸ್ಟರು. ಆಸ್ಪತ್ರೆಯಲ್ಲಿ ಓ.ಟಿ. ಎಂದೊಡನೆ ನಮಗೆ ನೆನಪಾಗುವುದು ಆಪರೇಷನ್ ಥಿಯೇಟರ್. ಅದೇ ಎರಡಕ್ಷರಗಳಿಂದ ಕರೆಯಿಸಿಕೊಳ್ಳುವ ಇನ್ನೊಂದು ವಿದ್ಯೆ ಇದೆ ಎಂಬುದು ಓದು ಬಲ್ಲ ಮನೆಗಳಿಗೂ ತಿಳಿಯದು. ಆದಕಾರಣ ಮೊದಲು ಆ ವಿದ್ಯೆಯ ಪರಿಚಯ ಅವಶ್ಯ.

ಕೈಗೆ ಕೆಲಸವನ್ನು ಮರಳಿಸುವ ವಿದ್ಯೆ

ಆಕ್ಯುಪೇಷನಲ್ ಥೆರಪಿಯನ್ನು ಔದ್ಯೋಗಿಕ ಚಿಕಿತ್ಸೆ ಎಂದು ಕನ್ನಡಿಸುವುದುಂಟು. ಉದ್ಯೋಗ ಎಂದರೆ ಇಲ್ಲಿ ಸಂಬಳದ ನೌಕರಿ ಎಂದಷ್ಟೇ ತಿಳಿಯಬಾರದು. ಮನುಷ್ಯನು ಬೆಳಗಿನಿಂದ ರಾತ್ರಿಯವರೆಗೆ ತನ್ನ ಕೈಯಾರೆ ಮಾಡಿಕೊಳ್ಳುವ ಎಲ್ಲವೂ ಆ ಮಾತಿನಲ್ಲಿ ಅಡಕವಾಗಿದೆ: ಮುಖ ತೊಳೆಯುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ತುತ್ತನ್ನು ಬಾಯಿಗೆ ಒಯ್ಯುವುದು, ಮಗು ಪೆನ್ಸಿಲ್ ಹಿಡಿಯುವುದು, ತಾಯಿ ಜೋಳದ ರೊಟ್ಟಿ ಬಡಿಯುವುದು. ಫಿಸಿಯೋಥೆರಪಿಸ್ಟರು ಸ್ನಾಯುವಿನ ಬಲವನ್ನೂ ಕೀಲುಗಳ ಚಲನೆಯನ್ನೂ ಮುಖ್ಯವಾಗಿ ನೋಡಿದರೆ, ಇವರು ಆ ಬಲದಿಂದ ಯಾವ ಕೆಲಸ ಸಾಧ್ಯವಾಗಬೇಕು ಎಂಬುದನ್ನು ಮೊದಲು ಕೇಳುತ್ತಾರೆ. ಎರೆಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳ ಬೆರಳುಗಳಿಗೆ ಬೇಕಾದ ಚಲನೆ ಬೇರೆ, ಗಜೇಂದ್ರಗಡದಲ್ಲಿ ಪಟ್ಟೆದಂಚು ಸೀರೆ ನೇಯುವವನ ತೋಳಿಗೆ ಬೇಕಾದ ಚಲನೆ ಬೇರೆ. ಕಳೆದುಹೋದುದು ಪೂರ್ಣವಾಗಿ ಮರಳದಿದ್ದಲ್ಲಿ, ಉಳಿದ ಶಕ್ತಿಯಿಂದಲೇ ಕೆಲಸ ಸಾಗುವಂತೆ ಉಪಕರಣವನ್ನೂ ಅಡುಗೆಮನೆಯನ್ನೂ ಶೌಚಾಲಯವನ್ನೂ ಮಾರ್ಪಡಿಸುವುದು ಈ ವಿದ್ಯೆಯ ಇನ್ನೊಂದು ಮುಖ.

ನಮ್ಮ ದೇಶದಲ್ಲಿ ಇದರ ಇತಿಹಾಸ ಹೊಸದೇನಲ್ಲ. ಅಮೇರಿಕದಲ್ಲಿ ಹುಟ್ಟಿ, ಭಾರತೀಯರೊಬ್ಬರನ್ನು ವಿವಾಹವಾಗಿ ಇಲ್ಲಿಯೇ ನೆಲೆಸಿದ ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ವಿದ್ಯೆಯ ಶಾಲೆಯನ್ನು ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘ ಹುಟ್ಟಿತು. ಅದೇ ವರ್ಷ ಸ್ಥಾಪನೆಯಾದ ಜಾಗತಿಕ ಒಕ್ಕೂಟದ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಮುದುಡಿದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸತೊಡಗಿದಾಗ, ಬಿಡಿಸಿದ ಕೈಗೆ ಕೆಲಸ ಕಲಿಸದಿದ್ದರೆ ರೋಗಿ ಮತ್ತೆ ಭಿಕ್ಷೆಗೇ ಹಿಂತಿರುಗುವನೆಂಬುದನ್ನು ಕಂಡರು. ಅಲ್ಲಿ ಆರಂಭವಾದ ನವಜೀವನ ಕೇಂದ್ರದ ಹಿಂದೆ ಇದ್ದುದು ಈ ಅರಿವೇ. ಹೀಗೆ ವಿದ್ಯೆ ಬೇಗ ಬಂತು. ಅದನ್ನು ಕಲಿತವರಾರು, ಕಲಿಯದೆ ಹೆಸರಿಟ್ಟುಕೊಂಡವರಾರು ಎಂದು ಗುರುತಿಸುವ ರಾಷ್ಟ್ರೀಯ ವ್ಯವಸ್ಥೆ ಮಾತ್ರ ಎಪ್ಪತ್ತು ವರ್ಷ ತಡವಾಯಿತು.

ಎಪ್ಪತ್ತು ವರ್ಷಗಳ ಅಂತರ

ದಾದಿಯರಿಗೆ 1947ರಲ್ಲಿ, ದಂತವೈದ್ಯರಿಗೂ ಔಷಧ ವಿತರಕರಿಗೂ 1948ರಲ್ಲಿ ಕೇಂದ್ರದ ಕಾಯ್ದೆಗಳು ಬಂದವು. ಬ್ರಿಟನ್ 1960ರಲ್ಲಿಯೇ ಆಕ್ಯುಪೇಷನಲ್ ಥೆರಪಿಸ್ಟರನ್ನು ನೋಂದಣಿಯ ವ್ಯಾಪ್ತಿಗೆ ತಂದಿತು. ಅಮೇರಿಕದಲ್ಲಿ ಒಂದೊಂದೇ ರಾಜ್ಯ ತನ್ನ ಪರವಾನಗಿ ಕಾನೂನು ಮಾಡುತ್ತ ಬಂದು, ಈಗ ಐವತ್ತು ರಾಜ್ಯಗಳಲ್ಲೂ ಆ ಕಾನೂನಿದೆ. ನಮ್ಮಲ್ಲಿ ದೆಹಲಿ 1997ರಲ್ಲಿ, ನೆರೆಯ ಮಹಾರಾಷ್ಟ್ರ 2002ರ ಕಾಯ್ದೆಯಿಂದ ತಮ್ಮ ತಮ್ಮ ಪರಿಷತ್ತುಗಳಿಗೆ ದಾರಿ ಮಾಡಿಕೊಂಡವು. ಕರ್ನಾಟಕದ ರೋಗಿಗೆ ಅಂಥ ಆಸರೆ ಇರಲಿಲ್ಲ. ಒಂದೇ ಪದವಿ, ಒಂದೇ ಕೆಲಸ. ಗಡಿಯ ಆಚೆ ಕಾನೂನಿನ ಕಾವಲು, ಈಚೆ ಬರಿಯ ನಂಬಿಕೆ. ಇದು ಬಹುಕಾಲ ನಡೆದುಬಂದ ಸ್ಥಿತಿ.

1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಇತ್ತಲ್ಲ ಎಂದು ಕೆಲವರು ಕೇಳಬಹುದು. ಆ ಪರಿಷತ್ತು ವಾಕ್ ಮತ್ತು ಶ್ರವಣ ತಜ್ಞರು, ವಿಶೇಷ ಶಿಕ್ಷಕರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಕೃತಕ ಅಂಗಗಳ ತಜ್ಞರು ಮೊದಲಾದವರನ್ನು ನೋಂದಾಯಿಸಿಕೊಳ್ಳುತ್ತದೆ. ಆಕ್ಯುಪೇಷನಲ್ ಥೆರಪಿಸ್ಟರೂ ಫಿಸಿಯೋಥೆರಪಿಸ್ಟರೂ ಅದರ ಪಟ್ಟಿಯಲ್ಲಿಲ್ಲ. ಈ ವ್ಯತ್ಯಾಸವನ್ನು ತಂದೆತಾಯಿಗಳು ಅವಶ್ಯವಾಗಿ ನೆನಪಿಡಬೇಕು. ವಿಶೇಷ ಶಿಕ್ಷಣದಲ್ಲಿ ತರಬೇತಾದವರ ನೋಂದಣಿ ಸಂಖ್ಯೆ ಅವರ ವಿದ್ಯೆಗೆ ಸಾಕ್ಷಿ, ಅದರ ಬಲದಿಂದ ಅವರು ಆಕ್ಯುಪೇಷನಲ್ ಥೆರಪಿಸ್ಟರಾಗುವುದಿಲ್ಲ. ಹಾಗೆಯೇ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಮುಖ್ಯವಾಗಿ ಸಂಸ್ಥೆಯನ್ನು ನೋಂದಾಯಿಸುತ್ತದೆ. ಗೋಡೆಯ ಮೇಲಿನ ಪ್ರಮಾಣಪತ್ರ ಆ ಸಂಸ್ಥೆಯದು, ಒಳಗೆ ನಮ್ಮ ಮಗುವಿನ ಕೈ ಹಿಡಿಯುವವರ ವಿದ್ಯೆಗೆ ಅದು ಸಾಕ್ಷಿಯಾಗಲಾರದು.

ಅರಿಯದವರ ಕೈಯಲ್ಲಿ

ತರಬೇತಿ ಇಲ್ಲದವರು ಚಿಕಿತ್ಸೆ ನೀಡಿದರೆ ಆಗುವ ನಷ್ಟವೇನು? ಹೆಚ್ಚೆಂದರೆ ಗುಣ ಬಾರದು, ಕೇಡಂತೂ ಆಗದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಸರಿಯಲ್ಲ. ಲಕ್ವಾ ಹೊಡೆದ ತೋಳಿನ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲಗೊಂಡಿರುತ್ತವೆ. ಅಂಥ ತೋಳನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಿದರೆ, ಇಲ್ಲವೆ ಬಲವಂತದಿಂದ ಮೇಲೆತ್ತಿ ಕಸರತ್ತು ಮಾಡಿಸಿದರೆ, ಕೀಲು ತನ್ನ ಸ್ಥಾನದಿಂದ ಜಾರಿ ಉಳಿದ ಬದುಕಿಗೆಲ್ಲ ನೋವಾಗಿ ನಿಲ್ಲಬಹುದು. ಮಿದುಳಿನ ಲಕ್ವಾದಿಂದ ಬಳಲುವ ಕೂಸನ್ನು ಅಂಗಾತ ಮಲಗಿಸಿ ಗಂಜಿ ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿದು ಎದೆಯ ಕಾಯಿಲೆ ತರಬಹುದು. ಕುಳ್ಳಿರಿಸುವ ಭಂಗಿ, ತಲೆಗೆ ಕೊಡುವ ಆಧಾರ, ಚಮಚದ ಆಕಾರ ಇವೆಲ್ಲ ಅಲ್ಲಿ ಚಿಕಿತ್ಸೆಯ ಭಾಗಗಳು.

ಇದಕ್ಕಿಂತ ದೊಡ್ಡ ನಷ್ಟ ಕಾಲದ್ದು. ಕೂಸಿನ ಮಿದುಳು ಮೊದಲ ಕೆಲವು ವರ್ಷಗಳಲ್ಲಿ ಕಲಿಯುವ ವೇಗ ಮುಂದೆ ಬಾರದು. ಲಕ್ವಾದ ಬಳಿಕದ ಮೊದಲ ತಿಂಗಳುಗಳೂ ಅಷ್ಟೇ ಅಮೂಲ್ಯ. ಆ ಅವಧಿಯನ್ನು ಎಣ್ಣೆ ತಿಕ್ಕುವವರ ಮನೆಗೂ, ಫಲಕ ಮಾತ್ರ ದೊಡ್ಡದಾದ ಕ್ಲಿನಿಕ್ಕಿಗೂ ಅಲೆದು ಕಳೆದುಕೊಂಡ ಕುಟುಂಬ ತೆತ್ತ ಹಣವನ್ನು ಮತ್ತೆ ಗಳಿಸಬಹುದು, ಕಳೆದ ತಿಂಗಳುಗಳನ್ನು ಗಳಿಸಲಾರದು. ಪಟ್ಟಣದ ವಿದ್ಯಾವಂತರು ನಾಲ್ಕು ಜನರನ್ನು ವಿಚಾರಿಸಿ, ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬಳಿಗೆ ಹೋಗಬಲ್ಲರು. ದಿನಗೂಲಿ ಬಿಟ್ಟು ಬಸ್ಸು ಹತ್ತಿ ಬರುವ ತಾಯಿಗೆ ಆಯ್ಕೆ ಒಂದೇ. ಆ ಒಂದು ಆಯ್ಕೆ ತಪ್ಪಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ನೋಂದಣಿ ಎಂಬುದು ವೃತ್ತಿಯವರ ಮರ್ಯಾದೆಗಾಗಿ ಮಾಡಿದ ಏರ್ಪಾಡು ಎಂದು ತಿಳಿಯುವವರು ಈ ತಾಯಿಯನ್ನು ಮರೆತಿದ್ದಾರೆ.

ಕಾಯ್ದೆ ಹೇಳುವುದೇನು?

2021ರ ಕಾಯ್ದೆಯಲ್ಲಿ ಆಕ್ಯುಪೇಷನಲ್ ಥೆರಪಿಗೆ ಪ್ರತ್ಯೇಕ ವರ್ಗವೇ ಇದೆ. ಆರೋಗ್ಯ ವೃತ್ತಿನಿರತರೆನಿಸಿಕೊಳ್ಳಲು ಮೂರರಿಂದ ಆರು ವರ್ಷಗಳಲ್ಲಿ ಹರಡಿದ, ಕನಿಷ್ಠ 3,600 ಗಂಟೆಗಳ ಶಿಕ್ಷಣದ ಪದವಿ ಬೇಕೆಂದು ಅದು ವಿಧಿಸುತ್ತದೆ. ಕೇಂದ್ರದಲ್ಲಿ ಒಂದು ಆಯೋಗ, ಪ್ರತಿ ರಾಜ್ಯದಲ್ಲಿ ಒಂದು ಪರಿಷತ್ತು, ಆ ಪರಿಷತ್ತಿನ ಅಡಿಯಲ್ಲಿ ಶಿಕ್ಷಣ, ಮೌಲ್ಯಮಾಪನ, ನೀತಿ ಮತ್ತು ನೋಂದಣಿಗಳನ್ನು ನೋಡಿಕೊಳ್ಳುವ ಮಂಡಳಿಗಳು, ಇವೆಲ್ಲದರ ತಳಹದಿಯಾಗಿ ರಾಜ್ಯದ ನೋಂದಣಿ ಪುಸ್ತಕ. ಅದರಲ್ಲಿ ಹೆಸರಿಲ್ಲದೆ ಇದೆಯೆಂದು ಸುಳ್ಳು ಹೇಳಿಕೊಂಡವರಿಗೆ ಮೊದಲ ಸಲ 50,000 ರೂಪಾಯಿಗಳವರೆಗೆ ದಂಡ, ಅದೇ ತಪ್ಪು ಮರುಕಳಿಸಿದರೆ ಸೆರೆಮನೆವಾಸವೂ ಉಂಟು. ದೂರು ಬಂದಾಗ ವಿಚಾರಿಸಿ, ಹೆಸರನ್ನು ಪುಸ್ತಕದಿಂದ ತೆಗೆದುಹಾಕುವ ಅಧಿಕಾರವೂ ಇದೆ. ಬರಹದಲ್ಲಿ ಇದು ಒಳ್ಳೆಯ ಕಾಯ್ದೆಯೇ ಸರಿ.

ಆಚರಣೆಯ ಕಥೆ ಬೇರೆ. ಕಾಯ್ದೆ ಜಾರಿಗೆ ಬಂದ ಆರು ತಿಂಗಳೊಳಗೆ ರಾಜ್ಯಗಳು ಪರಿಷತ್ತುಗಳನ್ನು ರಚಿಸಬೇಕಿತ್ತು. ಮೂರು ವರ್ಷಗಳು ಕಳೆದ ಮೇಲೆ, 2024ರ ಆಗಸ್ಟ್ 12ರಂದು, ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಕೇವಲ ಹದಿನಾಲ್ಕು ರಾಜ್ಯಗಳು ಪರಿಷತ್ತುಗಳನ್ನು ರಚಿಸಿದ್ದವು. ಅವು ಕೂಡ ಕಾರ್ಯಪ್ರವೃತ್ತವಾಗಿರಲಿಲ್ಲ ಎಂಬುದು ನ್ಯಾಯಾಲಯದ ಗಮನಕ್ಕೆ ಬಂತು. ಅಕ್ಟೋಬರ್ 12ರೊಳಗೆ ಕಾಯ್ದೆಯನ್ನು ಅನುಷ್ಠಾನಕ್ಕೆ ತರಬೇಕೆಂದು ನ್ಯಾಯಾಲಯ ಗಡುವು ವಿಧಿಸಬೇಕಾಯಿತು. ಕರ್ನಾಟಕದಲ್ಲಿ ರಾಜ್ಯ ಪರಿಷತ್ತು ರಚನೆಯಾಗಿದೆ ಎಂಬುದು ಸಮಾಧಾನದ ವಿಷಯ. ಆದರೆ ಪರಿಷತ್ತು ಇದೆ ಎಂಬುದಕ್ಕೂ, ತಾಲೂಕಿನ ಮನೆಯೊಂದು ಅದರಿಂದ ಪ್ರಯೋಜನ ಪಡೆಯುತ್ತದೆ ಎಂಬುದಕ್ಕೂ ಅಂತರವಿದೆ.

ಈ ನಡುವೆ ಸಾರ್ವಜನಿಕ ಚರ್ಚೆ ಯಾವುದರ ಸುತ್ತ ನಡೆಯಿತು ಎಂಬುದನ್ನೂ ಗಮನಿಸಬೇಕು. ಫಿಸಿಯೋಥೆರಪಿಸ್ಟರು ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಳ್ಳಬಾರದೆಂದು 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಒಂದು ಪತ್ರ ಹೊರಡಿಸಿ, ಮರುದಿನವೇ ಅದನ್ನು ಹಿಂತೆಗೆದುಕೊಂಡಿತು. ಪತ್ರಿಕೆಗಳಲ್ಲಿ ವಾದ ಪ್ರತಿವಾದಗಳು ತುಂಬಿದವು. ಬಿರುದಿನ ಪ್ರಶ್ನೆ ಅಮುಖ್ಯವೆಂದು ನಾವು ಹೇಳುವುದಿಲ್ಲ. ಆದರೆ ಹೆಸರಿನ ಮುಂದೆ ಏನಿರಬೇಕು ಎಂಬ ಜಗಳಕ್ಕೆ ಸಿಕ್ಕಿದ ಗಮನದಲ್ಲಿ ಕಾಲು ಭಾಗವಾದರೂ, ಆ ಹೆಸರು ಯಾವ ಪುಸ್ತಕದಲ್ಲಿರಬೇಕು, ಆ ಪುಸ್ತಕವನ್ನು ರೋಗಿ ಹೇಗೆ ನೋಡಬೇಕು ಎಂಬ ಪ್ರಶ್ನೆಗೆ ಸಿಕ್ಕಿದ್ದರೆ ಒಳಿತಾಗುತ್ತಿತ್ತು.

ನೀರಿಲ್ಲದ ಕಾಲುವೆ

ಈಗ ನರಗುಂದಕ್ಕೆ ಬರೋಣ. ಹುಬ್ಬಳ್ಳಿ–ಸೊಲ್ಲಾಪುರ ರಸ್ತೆಯ ಮೇಲಿರುವ ಈ ಊರಿನಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಐವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ರೈಲು ಇಲ್ಲ. ಜಿಲ್ಲಾ ಕೇಂದ್ರವಾದ ಗದಗಿಗೂ ಬಸ್ಸೇ ಗತಿ. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ನಡೆಯಬೇಕಾದ ಚಿಕಿತ್ಸೆಗೆ ಈ ದೂರವೇ ಮೊದಲ ಅಡ್ಡಿ. ರಾಜ್ಯದಲ್ಲಿ ಫಿಸಿಯೋಥೆರಪಿ ಕಾಲೇಜುಗಳು ಅನೇಕವಿದ್ದರೂ, ಮಣಿಪಾಲದಂಥ ಕೆಲವು ಕಡೆಗಳನ್ನು ಬಿಟ್ಟರೆ ಆಕ್ಯುಪೇಷನಲ್ ಥೆರಪಿ ಕಲಿಸುವ ಕಾಲೇಜುಗಳು ಬೆರಳೆಣಿಕೆಯಷ್ಟು. ಕಲಿತು ಹೊರಬಂದವರನ್ನು ಬೆಂಗಳೂರು, ಮಂಗಳೂರುಗಳೂ ಹೊರದೇಶಗಳೂ ಸೆಳೆಯುತ್ತವೆ. ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಇಂಥ ಚಿಕಿತ್ಸಕರ ಫಲಕ ಕಾಣುವುದು ಅಪರೂಪ.

ನರಗುಂದದ ಜನತೆಗೆ ಇಂಥ ಸ್ಥಿತಿಯ ಅನುಭವ ಹೊಸದಲ್ಲ. ಮಲಪ್ರಭೆಯ ಕಾಲುವೆ ಬಂದಾಗ, ಹೊಲಕ್ಕೆ ನೀರು ಸರಿಯಾಗಿ ತಲುಪದಿದ್ದರೂ ಕರ ಮಾತ್ರ ತಪ್ಪದೆ ಬಂದುದನ್ನು ಹಿರಿಯರು ಬಲ್ಲರು. 1980ರ ಜುಲೈ 21ರ ಘಟನೆಗಳಿಗೂ, ನಾಡಿನ ರೈತ ಚಳವಳಿಗೂ ಆ ಅನ್ಯಾಯವೇ ಕಿಡಿಯಾಯಿತು. ನೋಂದಣಿ ಕಾಯ್ದೆಯನ್ನೂ ಆ ಕಣ್ಣಿನಿಂದಲೇ ನೋಡಬೇಕು. ಕಾಯ್ದೆ ಎಂಬುದು ಕಾಲುವೆ, ತರಬೇತಾದ ಕೈಗಳು ನೀರು. ಕಾಲುವೆ ತೋಡಿ, ನೀರು ಬಿಡದೆ, ಅಕ್ರಮವಾಗಿ ನೀರು ಎತ್ತಿದವರಿಗೆ ದಂಡ ಹಾಕುತ್ತ ಕುಳಿತರೆ ಬೆಳೆ ಬಾರದು. ಸುಳ್ಳು ಚಿಕಿತ್ಸಕರನ್ನು ಮುಚ್ಚಿಸಿ, ನಿಜವಾದವರನ್ನು ಕಳುಹಿಸದಿದ್ದರೆ ನರಗುಂದದ ರೋಗಿಗೆ ಉಳಿಯುವುದು ಖಾಲಿ ಕೋಣೆ ಮಾತ್ರ.

ಆದುದರಿಂದ ಸರ್ಕಾರದಿಂದ ನಾವು ಕೇಳಬೇಕಾದುದು ಮೂರು. ಮೊದಲನೆಯದು, ನೋಂದಾಯಿತರ ಪಟ್ಟಿ ಕನ್ನಡದಲ್ಲಿ, ತಾಲೂಕು ಆಸ್ಪತ್ರೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಹೆಸರು, ಪದವಿ, ನೋಂದಣಿ ಸಂಖ್ಯೆ ಇಷ್ಟಿದ್ದರೆ ಸಾಕು. ಎರಡನೆಯದು, ಮಕ್ಕಳಲ್ಲಿನ ಬೆಳವಣಿಗೆಯ ದೋಷಗಳನ್ನು ಬೇಗನೆ ಗುರುತಿಸಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯ ಜಿಲ್ಲಾ ಕೇಂದ್ರದಿಂದ ತರಬೇತಾದ ಚಿಕಿತ್ಸಕರು ನಿಗದಿತ ದಿನಗಳಂದು ತಾಲೂಕುಗಳಿಗೆ ಬರುವಂತಾಗಬೇಕು. ಮೂರನೆಯದು, ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನಕ್ಕೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಈ ಕಾಯ್ದೆಯ ಹೆಸರಿನಲ್ಲಿ ಬದಿಗೆ ಸರಿಸಬಾರದು. ಅವರು ಚಿಕಿತ್ಸಕರಲ್ಲ, ಹಾಗೆಂದು ಹೇಳಿಕೊಳ್ಳಲೂಬಾರದು. ಆದರೆ ನೋಂದಾಯಿತ ಚಿಕಿತ್ಸಕರು ತಿಂಗಳಿಗೊಮ್ಮೆ ತೋರಿಸಿಕೊಟ್ಟ ಅಭ್ಯಾಸವನ್ನು ದಿನವೂ ಮನೆಯಲ್ಲಿ ನಡೆಸಲು ತಾಯಿಗೆ ನೆರವಾಗುವವರು ಅವರೇ. ಕಾವಲು ಬೇಕು, ಆದರೆ ಕಾವಲಿನ ಬೇಲಿ ಬೆಳೆಯನ್ನೇ ಮೇಯಬಾರದು.

ನಮ್ಮ ಪಾಲಿನ ಕರ್ತವ್ಯ

ಕಥೋಲಿಕ ಕುಟುಂಬಗಳಿಗೆ ಈ ವಿಷಯ ಎರಡು ಕಾರಣಗಳಿಂದ ಹತ್ತಿರದ್ದು. ನಾಡಿನ ಅನೇಕ ಕಡೆ ಧರ್ಮಭಗಿನಿಯರೂ ಗುರುಗಳೂ ಅಂಗವಿಕಲ ಮಕ್ಕಳ ಶಾಲೆಗಳನ್ನೂ ಆಶ್ರಯಧಾಮಗಳನ್ನೂ ನಡೆಸುತ್ತಾರೆ. ಬೇರೆ ಯಾರೂ ಮುಟ್ಟದ ಮಕ್ಕಳನ್ನು ಎತ್ತಿಕೊಂಡ ಆ ಸೇವೆಯನ್ನು ಎಷ್ಟು ಕೊಂಡಾಡಿದರೂ ಕಡಿಮೆ. ಆದರೆ ಸೇವಾಮನೋಭಾವ ತರಬೇತಿಯ ಸ್ಥಾನವನ್ನು ತುಂಬಲಾರದು ಎಂಬುದನ್ನೂ ವಿನಯದಿಂದ ಒಪ್ಪಿಕೊಳ್ಳಬೇಕು. ಪ್ರೀತಿಯಿಂದ ತಪ್ಪಾಗಿ ಎಳೆದ ತೋಳೂ ಕೀಲು ತಪ್ಪುತ್ತದೆ. ನಮ್ಮ ಸಂಸ್ಥೆಗಳು ಅಧಿಕಾರಿಗಳ ನೋಟೀಸಿಗಾಗಿ ಕಾಯದೆ, ತಮ್ಮಲ್ಲಿ ಚಿಕಿತ್ಸೆ ನೀಡುವವರ ನೋಂದಣಿ ವಿವರವನ್ನು ತಾವಾಗಿಯೇ ಬಾಗಿಲ ಬಳಿ ತೂಗುಹಾಕಿದರೆ, ಇತರರಿಗೂ ಅದು ಮಾದರಿಯಾದೀತು.

ಎರಡನೆಯ ಕಾರಣ ನಮ್ಮ ಮಕ್ಕಳ ವಿದ್ಯಾಭ್ಯಾಸ. ನರ್ಸಿಂಗ್ ನಮ್ಮ ಹೆಣ್ಣುಮಕ್ಕಳಿಗೆ ಬಹುಕಾಲದಿಂದ ಪರಿಚಿತವಾದ ಮಾರ್ಗ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ಆಕ್ಯುಪೇಷನಲ್ ಥೆರಪಿಯೂ ಅಷ್ಟೇ ಗೌರವದ ಮಾರ್ಗ ಎಂಬುದನ್ನು ಧರ್ಮಕೇಂದ್ರಗಳಲ್ಲಿ ತಿಳಿಸಿಹೇಳಬೇಕು. ಆದರೆ ಸಾಲ ಮಾಡಿ ಶುಲ್ಕ ಕಟ್ಟುವ ಮೊದಲು ಒಂದು ಪ್ರಶ್ನೆಯನ್ನು ಕೇಳಲೇಬೇಕು: ಈ ಪದವಿ ಪಡೆದವರಿಗೆ ರಾಜ್ಯ ಪರಿಷತ್ತಿನಲ್ಲಿ ನೋಂದಣಿ ದೊರೆಯುತ್ತದೆಯೇ? ಆರು ತಿಂಗಳಲ್ಲಿ ಥೆರಪಿಸ್ಟ್ ಮಾಡುವೆವೆಂದು ಕರಪತ್ರ ಹಂಚುವವರಿಗೆ ಕಾಯ್ದೆಯ 3,600 ಗಂಟೆಗಳ ಲೆಕ್ಕವೇ ಸಾಕಾದ ಉತ್ತರ. ಬೆಳಗಾವಿ ಧರ್ಮಪ್ರಾಂತ್ಯದ ಬಯಲುಸೀಮೆಯ ಊರುಗಳಿಂದ ನಾಲ್ವರು ಮಕ್ಕಳು ಈ ವಿದ್ಯೆ ಕಲಿತು, ಅವರಲ್ಲಿ ಒಬ್ಬರಾದರೂ ಇತ್ತಲೇ ಹಿಂತಿರುಗಿದರೆ, ಅದರ ಫಲವನ್ನು ಉಣ್ಣುವವರು ಎಲ್ಲ ಜಾತಿಮತಗಳ ರೋಗಿಗಳು.

ಚಿಕಿತ್ಸೆಗೆ ಹೋಗುವ ಕುಟುಂಬಗಳಿಗೂ ಒಂದು ಮಾತು. ನಿಮ್ಮ ಪದವಿ ಯಾವುದು, ಎಲ್ಲಿ ಕಲಿತಿರಿ, ನೋಂದಣಿ ಸಂಖ್ಯೆ ಏನು ಎಂದು ಕೇಳುವುದು ಅವಮಾನವಲ್ಲ. ನಿಜವಾಗಿ ಕಲಿತವರು ಈ ಪ್ರಶ್ನೆಯಿಂದ ಸಂತೋಷಪಡುತ್ತಾರೆ. ನಮ್ಮ ಸೀಮೆಯ ಜನ ಬಿತ್ತನೆಯ ಬೀಜ ಕೊಳ್ಳುವಾಗ ಚೀಲವನ್ನು ತಿರುಗಿಸಿ ನೋಡುತ್ತಾರೆ, ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಾರೆ. ಮಗುವಿನ ಕೈಯನ್ನು ಒಪ್ಪಿಸುವಾಗ ಮಾತ್ರ ಸಂಕೋಚವೇಕೆ?

ಪೋಪ್ ಎರಡನೆಯ ಜಾನ್ ಪಾಲ್ ಅವರು 1981ರಲ್ಲಿ ಮಾನವನ ದುಡಿಮೆಯನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ ಅಂಗವಿಕಲರ ದುಡಿಮೆಗಾಗಿಯೇ ಒಂದು ಭಾಗವನ್ನು ಮೀಸಲಿಟ್ಟರು. ಕೆಲಸವು ಕೂಲಿಯ ಸಾಧನವಾಗಿರುವಂತೆಯೇ ಮನುಷ್ಯನ ಘನತೆಯ ಗುರುತೂ ಆಗಿದೆ ಎಂಬ ನಂಬಿಕೆಯಿಂದ ಹುಟ್ಟಿದ ಮಾತುಗಳವು. ಆಕ್ಯುಪೇಷನಲ್ ಥೆರಪಿಯ ತಿರುಳೂ ಇದೇ. ತಾನೇ ತುತ್ತೆತ್ತಿ ಉಣ್ಣುವ ಮುದುಕನೂ, ತಾನೇ ಚಪ್ಪಲಿ ಹಾಕಿಕೊಂಡು ಶಾಲೆಗೆ ಹೊರಡುವ ಮಗುವೂ ಆ ಘನತೆಯನ್ನು ಮರಳಿ ಪಡೆದವರು. ಅವರಿಗೆ ಅದನ್ನು ಮರಳಿಸುವ ವಿದ್ಯೆಗೆ ಕಾನೂನು ಕಾವಲು ನಿಂತಿರುವುದು ಸ್ವಾಗತಾರ್ಹ. ಆ ವಿದ್ಯಾವಂತರು ಹುಬ್ಬಳ್ಳಿಯ ರಸ್ತೆ ಹಿಡಿದು ನರಗುಂದದವರೆಗೂ ಬರುವಂತೆ ಮಾಡುವ ಕೆಲಸ ಇನ್ನು ಆಗಬೇಕಾಗಿದೆ. ಶಾಸಕರನ್ನೂ ಜಿಲ್ಲಾಧಿಕಾರಿಗಳನ್ನೂ ಕಂಡಾಗ ರಸ್ತೆ ಮತ್ತು ನೀರಿನ ಬೇಡಿಕೆಗಳೊಂದಿಗೆ ಇದನ್ನೂ ಒಂದು ಬೇಡಿಕೆಯಾಗಿ ಬರೆದುಕೊಡೋಣ.